ಕಣ್ಣಿಗೆ ಬಿದ್ದ ಬೆಳಕು ಎಲ್ಲಿಂದ ಬಂತು? ಮೂಲದ ಬೆಳಕು, ಪ್ರತಿಫಲಿತ ಬೆಳಕು, ವಕ್ರೀಭವಿಸಿದ ಬೆಳಕುಗಳನ್ನು ಮನೆಯಲ್ಲೇ ಬೇರ್ಪಡಿಸಿ ನೋಡುವ ಬಗೆ

ನಮ್ಮ ಕಣ್ಣೆದುರಿನ ವಸ್ತುಗಳಲ್ಲಿ ಸ್ವತಃ ಬೆಳಕು ಸೂಸುವಂಥವು ಬಹಳ ಕಡಿಮೆ. ಸೂರ್ಯ, ನಕ್ಷತ್ರಗಳು, ಎಣ್ಣೆದೀಪದ ಕುಡಿ, ಬಲ್ಬು, ಮೊಬೈಲಿನ ಪರದೆ, ಮಿಂಚು, ಮಿಂಚುಹುಳು ಎಂದು ಹೆಸರಿಸುತ್ತ ಹೋದರೆ ಪಟ್ಟಿ ಬೇಗ ಮುಗಿಯುತ್ತದೆ. ಗೋಡೆ, ಮರ, ಎದುರಿಗಿರುವವರ ಮುಖ, ಪುಸ್ತಕದ ಪುಟ, ಆಕಾಶದ ಚಂದ್ರ ಇವೆಲ್ಲ ಬೇರೆಡೆಯಿಂದ ಬಂದ ಬೆಳಕನ್ನು ನಮ್ಮತ್ತ ತಿರುಗಿಸುವುದರಿಂದಲೇ ಕಾಣುತ್ತವೆ. ಇದರ ಮೇಲೆ ನೀರು, ಗಾಜು, ಕನ್ನಡಕ, ಕೊನೆಗೆ ಗಾಳಿಯೂ ಬೆಳಕಿನ ದಾರಿಯನ್ನು ಅಷ್ಟಿಷ್ಟು ಬಾಗಿಸುತ್ತವೆ. ಹೀಗೆ ನೇರವಾಗಿ ಬಂದದ್ದು, ಪ್ರತಿಫಲಿಸಿ ಬಂದದ್ದು, ವಕ್ರೀಭವಿಸಿ ಬಂದದ್ದು ಎಲ್ಲವೂ ಒಟ್ಟಿಗೇ ಕಣ್ಣನ್ನು ಸೇರುತ್ತವೆ. ಯಾವುದು ಯಾವುದೆಂದು ಕಣ್ಣು ತಾನಾಗಿ ಹೇಳಲಾರದು, ಏಕೆಂದರೆ ಕಿರಣವು ಕೊನೆಯದಾಗಿ ಯಾವ ದಿಕ್ಕಿನಿಂದ ಬಂತೋ ಆ ದಿಕ್ಕಷ್ಟೇ ಅದಕ್ಕೆ ಗೊತ್ತು. ವಸ್ತುವೂ ಆ ದಿಕ್ಕಿನಲ್ಲೇ ಇದೆಯೆಂದು ಅದು ನಂಬಿಬಿಡುತ್ತದೆ.

ಹತ್ತನೆಯ ತರಗತಿಯಲ್ಲಿ ಪ್ರತಿಫಲನ ಮತ್ತು ವಕ್ರೀಭವನದ ಪಾಠವನ್ನು ಓದಿದ ಬಹುತೇಕರಿಗೆ ನಿಯಮಗಳೂ ಕಿರಣಚಿತ್ರಗಳೂ ನೆನಪಿರುತ್ತವೆ. ಆದರೆ ಈ ಎರಡನ್ನೂ ಮೂಲದಿಂದ ನೇರವಾಗಿ ಬರುವ ಬೆಳಕಿನೊಡನೆ ಪಕ್ಕಪಕ್ಕದಲ್ಲಿಟ್ಟು ಹೋಲಿಸುವ ಕೆಲಸವನ್ನು ನಾವು ಸಾಮಾನ್ಯವಾಗಿ ಮಾಡುವುದಿಲ್ಲ. ಹೋಲಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಪ್ರತಿಫಲನವೂ ವಕ್ರೀಭವನವೂ ಬೆಳಕಿನ ದಿಕ್ಕನ್ನು ಬದಲಿಸುತ್ತವೆ, ದಾರಿಯಲ್ಲಿ ಒಂದಿಷ್ಟನ್ನು ಕಳೆಯುತ್ತವೆ, ಕೆಲವೊಮ್ಮೆ ಅದರ ಕಂಪನಗಳನ್ನು ಒಂದು ದಿಕ್ಕಿಗೆ ಸೀಮಿತಗೊಳಿಸುತ್ತವೆ. ಆದರೆ ಮೂಲದಲ್ಲಿ ಇಲ್ಲದ ಬಣ್ಣವನ್ನು ಅವು ಸೇರಿಸುವುದಿಲ್ಲ. ಹಾಗಾಗಿ ಯಾವುದೇ ಬೆಳಕಿನ ಹಿನ್ನೆಲೆಯನ್ನು ತಿಳಿಯಬೇಕಾದರೆ ಅದರ ಪ್ರಮಾಣ, ದಿಕ್ಕು, ಕಂಪನ, ಬಣ್ಣ ಈ ನಾಲ್ಕನ್ನು ಪರೀಕ್ಷಿಸಿದರೆ ಸಾಕು, ಮತ್ತು ಆ ಪರೀಕ್ಷೆಗಳಿಗೆ ಪ್ರಯೋಗಶಾಲೆ ಬೇಕಾಗಿಲ್ಲ.

ಬೇಕಾದ ಸಾಮಾನುಗಳು ಇಷ್ಟು: ಬೆಳಕಿನ ಸಂವೇದಕವನ್ನು ಓದುವ ಆ್ಯಪ್ ಇರುವ ಒಂದು ಆಂಡ್ರಾಯ್ಡ್ ಮೊಬೈಲು (ಉಚಿತವಾಗಿ ದೊರೆಯುವ ಫೈಫಾಕ್ಸ್ ಸಾಕು), ಎಲ್ಲ ಕಡೆಗೂ ಬೆಳಕು ಚೆಲ್ಲುವ ಬಿಡಿ ಎಲ್‌ಇಡಿ ಬಲ್ಬು, ಅಂಗೈಗಿಂತ ದೊಡ್ಡದಾದ ಸಮತಲ ಕನ್ನಡಿ, ಬದಿಗಳು ಸಪಾಟಾಗಿರುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ, ಗುಂಡುಸೂಜಿಗಳು, ಕೋನಮಾಪಕ, ಪೋಲರಾಯ್ಡ್ ತಂಪುಕನ್ನಡಕ (ಒಂದು ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಒಳಬಿಡುವಂಥದ್ದು), ಬಳಸಿ ಬಿಟ್ಟ ಡಿವಿಡಿ, ಒಂದು ಶೂ ಡಬ್ಬಿ. ಕೊನೆಯ ಪ್ರಯೋಗಕ್ಕೆ ಅರಿಶಿನ ಮತ್ತು ಸ್ಯಾನಿಟೈಸರ್.

ಎಚ್ಚರಿಕೆಯ ಮಾತೊಂದನ್ನು ಮೊದಲೇ ಹೇಳಬೇಕು. ಸೂರ್ಯನನ್ನು ನೇರವಾಗಿ ನೋಡಬಾರದೆಂಬುದು ಎಲ್ಲರಿಗೂ ಗೊತ್ತು. ಪ್ರತಿಫಲಿಸಿದ ಸೂರ್ಯನೂ ಅಷ್ಟೇ ಅಪಾಯಕಾರಿ ಎಂಬುದು ಹಲವರಿಗೆ ಹೊಳೆಯುವುದಿಲ್ಲ. ಕನ್ನಡಿಯು ತನ್ನ ಮೇಲೆ ಬಿದ್ದ ಬೆಳಕಿನ ಹೆಚ್ಚಿನ ಪಾಲನ್ನು ಹಾಗೆಯೇ ಹಿಂದಿರುಗಿಸುತ್ತದೆ. ನೆತ್ತಿಯ ಮೇಲಿನ ಸೂರ್ಯನ ಬೆಳಕಿನಲ್ಲಿ ನಿಂತ ನೀರು ಪ್ರತಿಫಲಿಸುವುದು ಕೇವಲ ಶೇಕಡಾ 2ರಷ್ಟೇ ಆದರೂ, ಸೂರ್ಯನು ಹುಣ್ಣಿಮೆಯ ಚಂದ್ರನಿಗಿಂತ ಸುಮಾರು 4 ಲಕ್ಷ ಪಟ್ಟು ಪ್ರಕಾಶಮಾನನಾಗಿರುವುದರಿಂದ ಆ ಶೇಕಡಾ 2 ಕೂಡ ಸಾವಿರಾರು ಹುಣ್ಣಿಮೆ ಚಂದ್ರರಿಗೆ ಸಮ. ಕನ್ನಡಿ, ನೀರು, ಡಿವಿಡಿ, ತಂಪುಕನ್ನಡಕ, ಇವುಗಳಲ್ಲಿ ಯಾವುದರ ಮೂಲಕವೂ ಸೂರ್ಯನನ್ನು ನೋಡಬೇಡಿ, ಮಕ್ಕಳಿಗೆ ನೋಡಲು ಬಿಡಬೇಡಿ.

ಪ್ರಮಾಣ: ಬಲ್ಬಿನಿಂದ ನೇರವಾಗಿ, ಕನ್ನಡಿಯಿಂದ, ಕಾಗದದಿಂದ

ರಾತ್ರಿ ಕೋಣೆಯ ಉಳಿದ ದೀಪಗಳನ್ನೆಲ್ಲ ಆರಿಸಿ, ಬಲ್ಬೊಂದನ್ನೇ ಉರಿಸಿ, ಅದರಿಂದ ಅರ್ಧ ಮೀಟರ್ ದೂರದಲ್ಲಿ ಮೊಬೈಲನ್ನು ಹಿಡಿದು, ಬೀಳುವ ಬೆಳಕಿನ ಅಳತೆಯಾದ ಲಕ್ಸ್ ಎಷ್ಟೆಂದು ಬರೆದುಕೊಳ್ಳಿ. ನಂತರ ದೂರವನ್ನು ಒಂದು ಮೀಟರಿಗೆ ಹೆಚ್ಚಿಸಿ. ಮೊದಲು 400 ಬಂದಿದ್ದರೆ ಈಗ ಸುಮಾರು 100 ಬರಬೇಕು. ದೂರ ಎರಡು ಪಟ್ಟಾದಾಗ ಅದೇ ಬೆಳಕು ನಾಲ್ಕು ಪಟ್ಟು ವಿಸ್ತೀರ್ಣಕ್ಕೆ ಹರಡಿಕೊಳ್ಳುವುದೇ ಇದಕ್ಕೆ ಕಾರಣ. ನಿಮ್ಮ ಅಂಕಿ ಇದಕ್ಕಿಂತ ಹೆಚ್ಚಿಗೆ ಬಂದರೆ ಬಿಳಿ ಗೋಡೆಗಳು ನಡುವೆ ಕೈಹಾಕಿವೆ ಎಂದರ್ಥ. ಗೋಡೆಗಳಿಂದ ದೂರ ಸರಿದು, ಬಲ್ಬಿನ ಹಿಂದೆ ಕಪ್ಪು ಬಟ್ಟೆಯನ್ನು ಇಳಿಬಿಟ್ಟು ಮತ್ತೊಮ್ಮೆ ಅಳೆಯಿರಿ. ಮೂಲದ ಬೆಳಕನ್ನು ಅಳೆಯುವಾಗಲೇ ಪ್ರತಿಫಲಿತ ಬೆಳಕು ಹೀಗೆ ಹೇಳದೆ ಕೇಳದೆ ಸೇರಿಕೊಳ್ಳುವುದನ್ನು ಗಮನಿಸಬೇಕು.

ಈಗ ಬಲ್ಬಿನಿಂದ ಅರ್ಧ ಮೀಟರ್ ದೂರದಲ್ಲಿ ಕನ್ನಡಿಯನ್ನು ನಿಲ್ಲಿಸಿ, ಕನ್ನಡಿಯಿಂದ ಮತ್ತೆ ಅರ್ಧ ಮೀಟರ್ ದೂರದಲ್ಲಿ ಮೊಬೈಲನ್ನು ಕನ್ನಡಿಯೊಳಗಿನ ಬಲ್ಬಿನ ಕಡೆಗೆ ಮುಖಮಾಡಿ ಹಿಡಿಯಿರಿ. ಬಲ್ಬಿನಿಂದ ಮೊಬೈಲಿಗೆ ನೇರವಾಗಿ ಬರುವ ಬೆಳಕನ್ನು ಒಂದು ರಟ್ಟಿನಿಂದ ಮರೆಮಾಡಬೇಕು. ಕನ್ನಡಿ ಮೊಬೈಲಿನಿಂದ ಅರ್ಧ ಮೀಟರಿನಲ್ಲೇ ಇದ್ದರೂ ಸಿಗುವ ಅಂಕಿ ಮಾತ್ರ ಒಂದು ಮೀಟರಿನ ಲೆಕ್ಕಕ್ಕೆ ಹೊಂದುತ್ತದೆ, ಅಂದರೆ 100ಕ್ಕಿಂತ ತುಸು ಕಡಿಮೆ. ಬೆಳಕಿನ ಮಟ್ಟಿಗೆ ಕನ್ನಡಿ ಒಂದು ತಿರುವು ಮಾತ್ರ. ಬಲ್ಬು ಕನ್ನಡಿಯ ಹಿಂದೆ, ಅಷ್ಟೇ ದೂರದಲ್ಲಿ ಇದ್ದಿದ್ದರೆ ಬೆಳಕು ಹೇಗೆ ಹರಡುತ್ತಿತ್ತೋ ಹಾಗೆಯೇ ಹರಡುತ್ತದೆ. ಕನ್ನಡಿಯ ಹಿಂದಿರುವ ಮಿಥ್ಯ ಪ್ರತಿಬಿಂಬವೆಂದು ಪಾಠದಲ್ಲಿ ಹೇಳುವುದು ಇದನ್ನೇ. ಕ್ಯಾಮೆರಾದಿಂದಲೂ ಇದನ್ನು ಪರೀಕ್ಷಿಸಬಹುದು: ಕನ್ನಡಿಯ ಮೇಲೊಂದು ಚಿಕ್ಕ ಸ್ಟಿಕ್ಕರ್ ಅಂಟಿಸಿ, ಹದಿನೈದು ಸೆಂಟಿಮೀಟರ್ ದೂರದಿಂದ ಕ್ಯಾಮೆರಾವನ್ನು ಅದಕ್ಕೆ ಫೋಕಸ್ ಮಾಡಿದರೆ ಪ್ರತಿಬಿಂಬ ಮಸುಕಾಗುತ್ತದೆ, ಪ್ರತಿಬಿಂಬಕ್ಕೆ ಫೋಕಸ್ ಮಾಡಿದರೆ ಸ್ಟಿಕ್ಕರ್ ಮಸುಕಾಗುತ್ತದೆ. ಎರಡೂ ಒಂದೇ ಗಾಜಿನ ಮೇಲೆ ಕಾಣುತ್ತಿದ್ದರೂ ದೂರಗಳು ಬೇರೆ ಬೇರೆ.

ಕನ್ನಡಿಯನ್ನು ತೆಗೆದು ಅದೇ ಜಾಗದಲ್ಲಿ ಬಿಳಿ ಕಾಗದವನ್ನು ನಿಲ್ಲಿಸಿದರೆ ಎರಡು ಬದಲಾವಣೆಗಳಾಗುತ್ತವೆ. ಅಂಕಿ ಗಣನೀಯವಾಗಿ ಇಳಿಯುತ್ತದೆ. ಜೊತೆಗೆ, ಕನ್ನಡಿಯನ್ನು ಕೊಂಚ ಓರೆಮಾಡಿದ್ದರೆ ಸೊನ್ನೆಯ ಹತ್ತಿರಕ್ಕೆ ಹೋಗುತ್ತಿದ್ದ ಅಂಕಿ ಈಗ ಕಾಗದವನ್ನು ಅಷ್ಟೇ ಓರೆಮಾಡಿದರೆ ಅಲ್ಪಸ್ವಲ್ಪವೇ ಬದಲಾಗುತ್ತದೆ. ಕಾಗದದ ಒರಟು ನಾರುಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ ಬಲ್ಬಿನ ದಿಕ್ಕಿನ ಗುರುತು ಅಳಿಸಿಹೋಗುತ್ತದೆ. ಪತನ ಕೋನಕ್ಕೆ ಪ್ರತಿಫಲನ ಕೋನ ಸಮ ಎಂಬ ನಿಯಮ ಇಲ್ಲಿಯೂ ಮುರಿದಿಲ್ಲ. ಮೇಲ್ಮೈಯ ಪ್ರತಿಯೊಂದು ಸೂಕ್ಷ್ಮ ಬಿಂದುವೂ ಬೇರೆ ಬೇರೆ ದಿಕ್ಕಿಗೆ ಮುಖಮಾಡಿರುವುದರಿಂದ ಒಟ್ಟು ಫಲಿತಾಂಶ ಚದುರಿಕೆಯಾಗಿದೆ. ನಮಗೆ ಕಾಣುವ ಜಗತ್ತಿನ ಬಹುಪಾಲು ಈ ಚದುರಿದ ಪ್ರತಿಫಲನದಿಂದಲೇ ಕಾಣುತ್ತಿದೆ. ಶಾಲೆಯ ಪಾಠಗಳು ಕನ್ನಡಿಗೆ ಕೊಡುವಷ್ಟು ಗಮನವನ್ನು ಕಾಗದಕ್ಕೂ ಕೊಡಬೇಕಿತ್ತೆಂದು ನನ್ನ ಅಭಿಪ್ರಾಯ.

ದಿಕ್ಕು: ನೀರಿನೊಳಗೆ ಬಾಗುವ ಕಿರಣ

ಪಾತ್ರೆಯ ತಳದಲ್ಲಿ ನಾಣ್ಯವಿಟ್ಟು, ಅದು ಅಂಚಿನ ಮರೆಗೆ ಸರಿಯುವವರೆಗೆ ಹಿಂದೆ ಸರಿದು ನಿಂತು, ಮತ್ತೊಬ್ಬರಿಂದ ನೀರು ಹಾಕಿಸಿದರೆ ನಾಣ್ಯ ಮೇಲೆದ್ದು ಬಂದಂತೆ ಕಾಣುವ ಪ್ರಯೋಗ ಎಲ್ಲರಿಗೂ ಪರಿಚಿತ. ಮೇಲಿನಿಂದ ನೋಡಿದಾಗ ನೀರಿನ ಆಳ ನಿಜವಾದ ಆಳದ ಮುಕ್ಕಾಲು ಪಾಲಿನಷ್ಟೇ ಕಾಣುತ್ತದೆ. ಬಾವಿ, ಕೆರೆ, ಈಜುಕೊಳಗಳ ಆಳವನ್ನು ಕಣ್ಣಂದಾಜಿನಲ್ಲಿ ನಂಬಬಾರದೆನ್ನುವುದಕ್ಕೆ ಇದೊಂದು ಗಟ್ಟಿ ಕಾರಣ. ಆದರೆ ಬಾಗುವಿಕೆಯನ್ನು ಅಳೆಯಬೇಕೆಂದರೆ ಗುಂಡುಸೂಜಿಗಳ ವಿಧಾನವೇ ಉತ್ತಮ.

ಥರ್ಮಾಕೋಲ್ ಹಲಗೆಯ ಮೇಲೆ ಬಿಳಿ ಹಾಳೆ ಹಾಸಿ, ನೀರು ತುಂಬಿದ ಪ್ಲಾಸ್ಟಿಕ್ ಡಬ್ಬಿಯನ್ನು ಅದರ ಮೇಲಿಟ್ಟು, ಸುತ್ತಲೂ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಒಂದು ಬದಿಗೆ ಲಂಬವನ್ನು ಎಳೆದು, ಅದರೊಂದಿಗೆ 45 ಡಿಗ್ರಿ ಕೋನ ಮಾಡುವ ಗೆರೆಯ ಮೇಲೆ ಎರಡು ಸೂಜಿಗಳನ್ನು ನೇರವಾಗಿ ಚುಚ್ಚಿ. ಡಬ್ಬಿಯ ಇನ್ನೊಂದು ಬದಿಯಿಂದ, ಕಣ್ಣನ್ನು ನೀರಿನ ಮಟ್ಟಕ್ಕಿಂತ ಕೆಳಗಿಳಿಸಿ ನೋಡಿದಾಗ ಆ ಎರಡೂ ಸೂಜಿಗಳು ಒಂದರ ಹಿಂದೊಂದು ಮರೆಯಾಗುವಂತೆ ಕಾಣುವ ಸ್ಥಾನವನ್ನು ಹುಡುಕಿ, ಅದೇ ಸಾಲಿಗೆ ಬರುವಂತೆ ಈಚೆಗೆ ಇನ್ನೆರಡು ಸೂಜಿಗಳನ್ನು ಚುಚ್ಚಿ. ಸೂಜಿಯ ತಲೆಗಳನ್ನಲ್ಲ, ಬುಡಗಳನ್ನು ಸಾಲಾಗಿಸುವುದು ಮುಖ್ಯ. ಸೂಜಿಗಳು ಸ್ವಲ್ಪ ವಾಲಿದ್ದರೂ ಬುಡ ಸರಿಯಾದ ಜಾಗದಲ್ಲೇ ಇರುತ್ತದೆ. ಡಬ್ಬಿಯನ್ನು ತೆಗೆದು ಒಳಹೋದ ಬಿಂದುವನ್ನೂ ಹೊರಬಂದ ಬಿಂದುವನ್ನೂ ಸೇರಿಸಿದರೆ ನೀರಿನೊಳಗೆ ಬೆಳಕು ಹೋದ ದಾರಿ ಹಾಳೆಯ ಮೇಲೆ ಮೂಡುತ್ತದೆ. ಪತನ ಕೋನ 45 ಇದ್ದಾಗ ವಕ್ರೀಭವನ ಕೋನ 32ರ ಆಸುಪಾಸಿನಲ್ಲಿರಬೇಕು. 30 ಇದ್ದಾಗ 22, 60 ಇದ್ದಾಗ ಸುಮಾರು 40. ಕೋನಗಳ ಅನುಪಾತ ಪ್ರತಿ ಸಲವೂ ಬದಲಾಗುತ್ತದೆ, ಆದರೆ ಅವುಗಳ ಸೈನ್‌ಗಳ ಅನುಪಾತ ಮಾತ್ರ 1.33 ಆಗಿಯೇ ಉಳಿಯುತ್ತದೆ. ಈ ನಿಯಮಕ್ಕೆ ನೆದರ್ಲೆಂಡ್ಸಿನ ವಿಲ್ಲೆಬ್ರಾರ್ಡ್ ಸ್ನೆಲ್‌ರ ಹೆಸರಿದೆ. ಅವರು ಇದನ್ನು ಕಂಡುಕೊಂಡದ್ದು 1621ರಲ್ಲಿ. ಅದಕ್ಕೂ ಆರು ಶತಮಾನಗಳಿಗೂ ಹಿಂದೆ, ಹತ್ತನೆಯ ಶತಮಾನದಲ್ಲಿ, ಬಾಗ್ದಾದಿನ ಇಬ್ನ್ ಸಹ್ಲ್ ಇದೇ ಸಂಬಂಧವನ್ನು ರೇಖಾಗಣಿತದ ರೂಪದಲ್ಲಿ ಬಳಸಿದ್ದರು.

ಈ 1.33 ಬರಿಯ ಅನುಪಾತವಲ್ಲ. ನಿರ್ವಾತದಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲಿ ಸಾಗುವ ಬೆಳಕು ನೀರಿನಲ್ಲಿ ಸುಮಾರು 2.25 ಲಕ್ಷ ಕಿಲೋಮೀಟರಿಗೆ ಇಳಿಯುತ್ತದೆ, ಮತ್ತು ಈ ಎರಡು ವೇಗಗಳ ಅನುಪಾತವೇ ವಕ್ರೀಭವನ ಸೂಚ್ಯಂಕ. ನೀರಿಗೆ ಧಾರಾಳವಾಗಿ ಸಕ್ಕರೆ ಕರಗಿಸಿ ಅಳತೆಯನ್ನು ಪುನಃ ಮಾಡಿದರೆ ಸೂಚ್ಯಂಕ ಏರಿದ್ದು ಗೊತ್ತಾಗುತ್ತದೆ. ಕಬ್ಬಿನ ರಸದ ಬ್ರಿಕ್ಸ್, ಅಂದರೆ ಅದರಲ್ಲಿನ ಸಕ್ಕರೆಯ ಪ್ರಮಾಣ, ಅಳೆಯಲು ಬಳಸುವ ಕೈಯಳತೆಯ ರಿಫ್ರ್ಯಾಕ್ಟೋಮೀಟರ್ ಕೆಲಸ ಮಾಡುವುದೂ ಇದೇ ಆಧಾರದ ಮೇಲೆ.

ಇದೇ ಬಾಗುವಿಕೆ ವಾಯುಮಂಡಲದಲ್ಲಿಯೂ ನಡೆಯುತ್ತದೆ. ಗಾಳಿಯ ಸೂಚ್ಯಂಕ 1.0003 ಮಾತ್ರವಾದರೂ ದಿಗಂತದ ಬಳಿ ಬೆಳಕು ಬಹುದೂರ ಓರೆಯಾಗಿ ಸಾಗಿಬರುವುದರಿಂದ ಸೂರ್ಯ ತನ್ನ ನಿಜವಾದ ಸ್ಥಾನಕ್ಕಿಂತ ಸುಮಾರು ಅರ್ಧ ಡಿಗ್ರಿಗಿಂತ ಕೊಂಚ ಹೆಚ್ಚು ಮೇಲೆ ಕಾಣುತ್ತಾನೆ. ಸೂರ್ಯಬಿಂಬದ ಅಗಲವೂ ಸುಮಾರು ಅರ್ಧ ಡಿಗ್ರಿಯೇ. ಆದ್ದರಿಂದ ಮಲ್ಪೆಯಲ್ಲೋ ಕಾರವಾರದಲ್ಲೋ ಬಿಂಬದ ಕೆಳ ಅಂಚು ಕಡಲನ್ನು ಮುಟ್ಟಿತೆಂದು ನಮಗೆ ಕಾಣುವ ಹೊತ್ತಿಗೆ, ರೇಖಾಗಣಿತದ ಲೆಕ್ಕದಲ್ಲಿ ಸೂರ್ಯ ಆಗಲೇ ಪೂರ್ತಿಯಾಗಿ ಮುಳುಗಿದ್ದಾನೆ. ಗಾಳಿ ಇಲ್ಲದಿದ್ದರೆ ನಮ್ಮ ಕರಾವಳಿಯಲ್ಲಿ ಸೂರ್ಯಾಸ್ತ ಎರಡು ನಿಮಿಷಕ್ಕೂ ಹೆಚ್ಚು ಮುಂಚೆ ಆಗುತ್ತಿತ್ತು.

ಒಂದೇ ಮೇಲ್ಮೈಯಲ್ಲಿ ಎರಡೂ

ಪ್ರತಿಫಲನ ಒಂದು ಅಧ್ಯಾಯ, ವಕ್ರೀಭವನ ಇನ್ನೊಂದು ಅಧ್ಯಾಯ ಎಂದು ಓದಿದವರು ಮರೆಯುವ ಸಂಗತಿಯೆಂದರೆ, ಪಾರದರ್ಶಕ ವಸ್ತುವಿನ ಮೇಲೆ ಬೆಳಕು ಬಿದ್ದಾಗ ಎರಡೂ ಒಟ್ಟಿಗೇ ನಡೆಯುತ್ತವೆ. ಕಿಟಕಿಯ ಗಾಜಿನ ಪ್ರತಿಯೊಂದು ಮೇಲ್ಮೈಯೂ ನೇರವಾಗಿ ಬಿದ್ದ ಬೆಳಕಿನ ಸುಮಾರು ಶೇಕಡಾ 4ರಷ್ಟನ್ನು ಪ್ರತಿಫಲಿಸುತ್ತದೆ, ಎರಡೂ ಸೇರಿ ಶೇಕಡಾ 8ರಷ್ಟು. ಹಗಲಿನಲ್ಲೂ ರಾತ್ರಿಯಲ್ಲೂ ಇದು ಬದಲಾಗುವುದಿಲ್ಲ. ರಾತ್ರಿ ದೀಪ ಹಾಕಿದ ಕೋಣೆಯ ಕಿಟಕಿಯಲ್ಲಿ ನಿಮ್ಮ ಮುಖವೇ ಕಾಣುವುದು, ಹಗಲಲ್ಲಿ ಕಾಣದಿರುವುದು, ಗಾಜಿನ ಗುಣದಿಂದಲ್ಲ. ಹಗಲಿನಲ್ಲಿ ಹೊರಗಿನಿಂದ ವಕ್ರೀಭವಿಸಿ ಒಳಬರುವ ಬೆಳಕಿನ ಎದುರು ಆ ಶೇಕಡಾ 8 ಲೆಕ್ಕಕ್ಕೆ ಬರುವುದಿಲ್ಲ ಅಷ್ಟೇ. ದಪ್ಪ ಗಾಜಿನ ಕನ್ನಡಿಯೆದುರು ಬೆಂಕಿಕಡ್ಡಿಯನ್ನು ಗೀರಿ ಓರೆಯಾಗಿ ನೋಡಿದರೆ ಮುಖ್ಯ ಪ್ರತಿಬಿಂಬದ ಪಕ್ಕದಲ್ಲಿ ಮಂಕಾದ ಇನ್ನೊಂದು ಜ್ವಾಲೆ ಕಾಣುತ್ತದೆ. ಪ್ರಕಾಶಮಾನವಾದದ್ದು ಹಿಂಬದಿಯ ಲೋಹದ ಲೇಪದಿಂದ ಬಂದದ್ದು. ಅದು ಗಾಜಿನೊಳಗೆ ಹೋಗುವಾಗ ಒಮ್ಮೆ, ಹೊರಬರುವಾಗ ಒಮ್ಮೆ ವಕ್ರೀಭವಿಸಿದೆ. ಮಂಕಾದದ್ದು ಗಾಜಿನ ಮುಂಬದಿಯಿಂದಲೇ ಹಿಂದಿರುಗಿದ್ದು.

ನೀರಿನೊಳಗಿನಿಂದ ಹೊರಬರುವ ಬೆಳಕು ಲಂಬದಿಂದ 48.6 ಡಿಗ್ರಿಗಿಂತ ಹೆಚ್ಚು ಓರೆಯಾಗಿದ್ದರೆ ವಕ್ರೀಭವನ ಪೂರ್ತಿ ನಿಂತುಹೋಗಿ ಪ್ರತಿಫಲನವೊಂದೇ ಉಳಿಯುತ್ತದೆ. ಮೀನಿನ ತೊಟ್ಟಿಯ ಬದಿಯಿಂದ, ಕೆಳಗಿನಿಂದ ಮೇಲಕ್ಕೆ ನೋಡಿದಾಗ ನೀರಿನ ಮೇಲ್ಮೈ ಬೆಳ್ಳಿಯಂತೆ ಹೊಳೆದು ಮೀನಿನ ಬಿಂಬವನ್ನು ತೋರಿಸುವುದು ಇದರಿಂದಲೇ. ಲೋಹದ ಕನ್ನಡಿಯೂ ಅಷ್ಟು ಪೂರ್ಣವಾಗಿ ಪ್ರತಿಫಲಿಸಲಾರದು.

ಕಂಪನ: ನೆಲದ ಹೊಳಪನ್ನು ಅಳಿಸುವುದು

ಈ ಬರಹದಲ್ಲಿ ಒಂದೇ ಪ್ರಯೋಗವನ್ನು ಮಾಡಲು ನಿಮಗೆ ಸಮಯವಿದ್ದರೆ ಇದನ್ನು ಮಾಡಿ. ಮೊದಲು ತಂಪುಕನ್ನಡಕ ನಿಜಕ್ಕೂ ಪೋಲರಾಯ್ಡ್ ಹೌದೇ ಎಂದು ಖಚಿತಪಡಿಸಿಕೊಳ್ಳಿ: ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯೆದುರು ಅದನ್ನು ನಿಧಾನವಾಗಿ ತಿರುಗಿಸಿದಾಗ ಒಂದು ಕೋನದಲ್ಲಿ ಪರದೆ ಕಪ್ಪಾಗಬೇಕು. ನಂತರ ಅದೇ ಕನ್ನಡಕದಿಂದ ಉರಿಯುವ ಬಲ್ಬನ್ನು ನೋಡುತ್ತ ತಿರುಗಿಸಿ, ಏನೂ ಬದಲಾಗುವುದಿಲ್ಲ. ಬಲ್ಬಿನಂಥ ಮೂಲದಿಂದ ಹೊರಡುವ ಬೆಳಕಿನ ಕಂಪನಗಳು ಎಲ್ಲ ದಿಕ್ಕಿನಲ್ಲೂ ಸಮವಾಗಿ ಇರುತ್ತವೆ.

ಈಗ ಹಳೆಯ ಮನೆಗಳಲ್ಲಿ ಇರುವಂಥ ರೆಡ್ ಆಕ್ಸೈಡ್ ನೆಲದ ಮೇಲೆ ಬಾಗಿಲಿನಿಂದ ಬೆಳಕು ಬಿದ್ದು ಬಿಳಿಯಾಗಿ ಹೊಳೆಯುವ ಜಾಗವನ್ನು ಆರಿಸಿಕೊಳ್ಳಿ. ಅದಿಲ್ಲದಿದ್ದರೆ ಪಾಲಿಶ್ ಮಾಡಿದ ಮೇಜು, ಗ್ರಾನೈಟ್, ಒದ್ದೆಯಾದ ಅಂಗಳ, ಯಾವುದಾದರೂ ಆದೀತು. ನಿಂತಲ್ಲಿಂದ ಎರಡು ಮೀಟರಿಗಿಂತ ತುಸು ಆಚೆಗಿನ ನೆಲವನ್ನು ಕನ್ನಡಕವನ್ನು ಉದ್ದುದ್ದವಾಗಿ ನಿಲ್ಲಿಸಿ ಹಿಡಿದು ಅದರ ಒಂದೇ ಗಾಜಿನ ಮೂಲಕ ನೋಡುತ್ತ, ಧರಿಸುವಾಗಿನಂತೆ ಅಡ್ಡಕ್ಕೆ ಬರುವವರೆಗೆ ಕಾಲು ಸುತ್ತು ತಿರುಗಿಸಿ. ಬಿಳಿಯ ಹೊಳಪು ಕರಗಿ, ಅದರ ಕೆಳಗಿನಿಂದ ನೆಲದ ಕೆಂಪು ಗಾಢವಾಗಿ ಎದ್ದುಬರುತ್ತದೆ. ಮತ್ತೆ ತಿರುಗಿಸಿದರೆ ಬಿಳಿ ಮರಳುತ್ತದೆ. ಅಲ್ಲಿ ಎರಡು ಪ್ರತಿಫಲಿತ ಬೆಳಕುಗಳು ಒಂದರ ಮೇಲೊಂದು ಕೂತಿದ್ದವು. ಒಂದು, ನೆಲದ ನುಣುಪಾದ ಮೇಲ್ಮೈಯಿಂದಲೇ ತಿರುಗಿ ಬಂದದ್ದು; ಅದು ನೆಲದ ಬಣ್ಣವನ್ನು ಕಂಡೇ ಇಲ್ಲ, ಬಾಗಿಲಾಚೆಗಿನ ಆಕಾಶದ ಬಣ್ಣವನ್ನೇ ಹೊತ್ತಿದೆ, ಮತ್ತು ಅದರ ಕಂಪನಗಳು ಬಹುಮಟ್ಟಿಗೆ ನೆಲಕ್ಕೆ ಸಮಾಂತರವಾಗಿವೆ. ಇನ್ನೊಂದು, ವಕ್ರೀಭವಿಸಿ ಒಳಗಿಳಿದು, ವರ್ಣದ ಕಣಗಳ ನಡುವೆ ಚದುರಿ, ನೀಲಿ ಹಸಿರುಗಳನ್ನು ಅಲ್ಲಿ ಕಳೆದುಕೊಂಡು ಹೊರಬಂದದ್ದು. ಕೆಂಪು ನೆಲದ ಕೆಂಪು ಎಂದು ನಾವು ಕರೆಯುವುದು ಈ ಎರಡನೆಯದನ್ನು.

ಹೊಳಪು ಅತ್ಯಂತ ಪೂರ್ಣವಾಗಿ ಅಳಿಯುವ ಕೋನ ಯಾವುದೆಂಬುದನ್ನು ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ 1815ರಲ್ಲಿ ಸೂತ್ರವಾಗಿಸಿದರು: ಆ ಕೋನದ ಟ್ಯಾಂಜೆಂಟ್ ವಸ್ತುವಿನ ವಕ್ರೀಭವನ ಸೂಚ್ಯಂಕಕ್ಕೆ ಸಮ. ಇದರಿಂದ ಬಹಳ ಸುಲಭವಾದ ಒಂದು ಅಳತೆ ಸಾಧ್ಯವಾಗುತ್ತದೆ. ಹೊಳಪು ಪೂರ್ತಿ ಮಾಯವಾಗುವ ಜಾಗವನ್ನು ಗುರುತಿಸಿ, ನಿಮ್ಮ ಕಾಲಿನಿಂದ ಅದಕ್ಕಿರುವ ದೂರವನ್ನು ನೆಲದಿಂದ ನಿಮ್ಮ ಕಣ್ಣಿನ ಎತ್ತರದಿಂದ ಭಾಗಿಸಿದರೆ ಬರುವುದೇ ಸೂಚ್ಯಂಕ. ಕಣ್ಣಿನ ಎತ್ತರ 150 ಸೆಂಟಿಮೀಟರ್ ಇದ್ದರೆ, ಅಂಗಳದಲ್ಲಿ ನಿಂತ ನೀರಿನ ಹೊಳಪು ಸುಮಾರು 200 ಸೆಂಟಿಮೀಟರ್ ದೂರದಲ್ಲಿ ಅಳಿಯುತ್ತದೆ, ಗಾಜಿನದು ಸುಮಾರು 225ರಲ್ಲಿ. ಬೆಳಕು ಒಳಗೆ ಹೋಗುವಾಗ ಎಷ್ಟು ಬಾಗುತ್ತದೆ ಎಂಬುದನ್ನು, ಒಳಗೇ ಹೋಗದೆ ತಿರುಗಿ ಬಂದ ಬೆಳಕಿನಿಂದ ತಿಳಿಯಬಹುದೆಂಬುದು ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಇದೇ ಉಪಾಯದಿಂದ ದೊಡ್ಡ ಪ್ರಶ್ನೆಯೊಂದನ್ನು ಬಗೆಹರಿಸಿದವರು ಸಿ.ವಿ. ರಾಮನ್. ಕಡಲಿನ ನೀಲಿ ಆಕಾಶದ ನೀಲಿಯ ಪ್ರತಿಫಲನ ಮಾತ್ರ ಎಂಬುದು ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲಿಯವರ ಅಭಿಪ್ರಾಯವಾಗಿತ್ತು. 1921ರಲ್ಲಿ ಇಂಗ್ಲೆಂಡಿನಿಂದ ಎಸ್.ಎಸ್. ನಾರ್ಕುಂಡಾ ಹಡಗಿನಲ್ಲಿ ಮರಳುವಾಗ ರಾಮನ್ ತಮ್ಮಲ್ಲಿದ್ದ ನಿಕೋಲ್ ಪ್ರಿಸಮ್ಮಿನ (ಪೋಲರಾಯ್ಡ್‌ನ ಕೆಲಸವನ್ನೇ ಮಾಡುವ ಹರಳಿನ) ಮೂಲಕ, ಬ್ರೂಸ್ಟರ್ ಕೋನದಲ್ಲಿ, ಕಡಲನ್ನು ನೋಡಿದರು. ಮೇಲ್ಮೈಯಿಂದ ಪ್ರತಿಫಲಿಸಿದ ಆಕಾಶದ ಬೆಳಕು ಅಳಿದುಹೋದ ಮೇಲೆ ಕಡಲು ಬಣ್ಣಗೆಡಬೇಕಿತ್ತು. ಅದರ ಬದಲು ನೀಲಿ ಇನ್ನೂ ಗಾಢವಾಯಿತು. ಆ ನೀಲಿ ನೀರಿನ ಒಳಗಿನಿಂದಲೇ, ನೀರಿನ ಅಣುಗಳು ಬೆಳಕನ್ನು ಚದುರಿಸುವುದರಿಂದ ಬರುತ್ತಿದೆ ಎಂಬ ನಿರ್ಣಯಕ್ಕೆ ಅವರು ಬಂದರು. ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದೂ ಆ ಬಣ್ಣಕ್ಕೆ ಮುಖ್ಯ ಕಾರಣವೆಂದು ಇಂದು ನಮಗೆ ಗೊತ್ತು. ಉಡುಪಿಯ ಕಡಲತೀರದಲ್ಲೋ ಕೆರೆಯ ಏರಿಯ ಮೇಲೋ ನಿಂತು ಪೋಲರಾಯ್ಡ್ ಕನ್ನಡಕವನ್ನು ತಿರುಗಿಸುವ ಯಾರು ಬೇಕಾದರೂ ಈ ವೀಕ್ಷಣೆಯನ್ನು ಮತ್ತೆ ಮಾಡಬಹುದು.

ಬಣ್ಣ: ಮೂಲದ ಸಹಿ

ಕೊನೆಯ ಪರೀಕ್ಷೆಗೆ ಶೂ ಡಬ್ಬಿಯ ಒಂದು ತುದಿಯಲ್ಲಿ ಒಂದು ಮಿಲಿಮೀಟರಿಗಿಂತ ಕಿರಿದಾದ ಉದ್ದ ಸೀಳು ಮಾಡಿ. ಅಂಚು ನುಣುಪಾಗಿರಲೆಂದು ವಿಸಿಟಿಂಗ್ ಕಾರ್ಡಿನ ಎರಡು ತುಂಡುಗಳನ್ನು ಸೀಳಿನ ಇಕ್ಕೆಲಗಳಲ್ಲಿ ಅಂಟಿಸಬಹುದು. ಎದುರಿನ ತುದಿಯಲ್ಲಿ ಡಿವಿಡಿಯ ತುಂಡನ್ನು, ಹೊಳೆಯುವ ಬದಿ ಸೀಳಿನ ಕಡೆಗಿರುವಂತೆ ಓರೆಯಾಗಿ ನಿಲ್ಲಿಸಿ, ಅದನ್ನು ನೋಡಲು ಒಂದು ರಂಧ್ರ ಮಾಡಿ. ಡಿವಿಡಿಯ ಗೆರೆಗಳ ಅಂತರ 0.74 ಮೈಕ್ರೋಮೀಟರ್, ಅಷ್ಟು ಒತ್ತಾದ ಗೆರೆಗಳು ಬೆಳಕನ್ನು ಅದರ ತರಂಗಾಂತರಗಳಿಗೆ ಬಿಡಿಸಿ ಹಾಸುತ್ತವೆ. ಬಣ್ಣಗಳು ಸ್ಪಷ್ಟವಾಗುವವರೆಗೆ ತುಂಡಿನ ಓರೆಯನ್ನು ಹೊಂದಿಸಿಕೊಳ್ಳಬೇಕಾಗುತ್ತದೆ.

ಎಣ್ಣೆದೀಪದ ಕಡೆಗೆ ಸೀಳನ್ನು ತಿರುಗಿಸಿದರೆ ಕೆಂಪಿನಿಂದ ನೇರಳೆಯವರೆಗೆ ಎಲ್ಲಿಯೂ ಕಡಿಯದ ವರ್ಣಪಟಲ ಕಾಣುತ್ತದೆ, ನೀಲಿಯ ಭಾಗ ಮಾತ್ರ ಕ್ಷೀಣ. ಹಳೆಯ ಟ್ಯೂಬ್‌ಲೈಟಿನಲ್ಲಿ ಪಾದರಸದ ಹಸಿರು ಗೆರೆ ಮತ್ತು ನೀಲಿನೇರಳೆ ಗೆರೆ ಎದ್ದು ಕಾಣುತ್ತವೆ. ಎಲ್‌ಇಡಿಯಲ್ಲಿ ಒಂದು ತೀಕ್ಷ್ಣ ನೀಲಿ, ಅದರಾಚೆ ಒಂದು ಮಂಕು ಕಂದರ, ಆಮೇಲೆ ಹಸಿರಿನಿಂದ ಕೆಂಪಿನವರೆಗೆ ಅಗಲವಾದ ಹರವು. ಮೂರೂ ನಮಗೆ ಕೋಣೆಯನ್ನು ಬೆಳಗುವ ದೀಪಗಳೇ. ಸಹಿಗಳು ಮಾತ್ರ ಬೇರೆ ಬೇರೆ.

ಈಗ ಸೀಳನ್ನು ದೀಪದತ್ತ ಅಲ್ಲ, ದೀಪದ ಹತ್ತಿರ ಹಿಡಿದ ಬಿಳಿ ಕಾಗದದತ್ತ ತಿರುಗಿಸಿ. ಅದೇ ಸಹಿ, ಮಂಕಾಗಿ. ಕನ್ನಡಿಯಲ್ಲಿ ನೋಡಿದರೂ ಅದೇ. ದೀಪ ಮತ್ತು ಸೀಳಿನ ನಡುವೆ ನೀರಿನ ಡಬ್ಬಿಯಿಟ್ಟರೂ ಅದೇ. ಟ್ಯೂಬ್‌ಲೈಟಿನಡಿಯಲ್ಲಿ ಕೆಂಪು ಬಟ್ಟೆ ಹಿಡಿದರೆ ಕೆಂಪು ಭಾಗ ಉಳಿದು ಹಸಿರು, ನೀಲಿ ಗೆರೆಗಳು ಬಹುತೇಕ ಕಾಣೆಯಾಗುತ್ತವೆ. ಹೊಸ ಗೆರೆಯೊಂದೂ ಹುಟ್ಟುವುದಿಲ್ಲ. ಪ್ರಿಸಮ್ಮಿನಿಂದ ಹೊರಬಂದ ಒಂದು ಬಣ್ಣದ ಕಿರಣವನ್ನು ಎರಡನೆಯ ಪ್ರಿಸಮ್ಮಿಗೆ ಹಾಯಿಸಿದ ನ್ಯೂಟನ್ನರೂ ಅದು ಮತ್ತೆ ಬಾಗುತ್ತದೆಯೇ ಹೊರತು ಬಣ್ಣ ಬದಲಿಸುವುದಿಲ್ಲ ಎಂಬುದನ್ನು ತೋರಿಸಿದ್ದರು.

ಈ ಸಹಿ ಆಕಾಶದಲ್ಲಿಯೂ ಓದಲು ಬರುತ್ತದೆ. 1814ರ ಸುಮಾರಿಗೆ ಜರ್ಮನಿಯ ಯೋಸೆಫ್ ಫ್ರೌನ್‌ಹೋಫರ್ ಸೂರ್ಯನ ವರ್ಣಪಟಲದಲ್ಲಿ ಐನೂರಕ್ಕೂ ಹೆಚ್ಚು ಕಪ್ಪು ಗೆರೆಗಳನ್ನು ಗುರುತಿಸಿದರು. ಅದೇ ಉಪಕರಣವನ್ನು ಶುಕ್ರಗ್ರಹದತ್ತ ತಿರುಗಿಸಿದಾಗ ಸೂರ್ಯನ ಗೆರೆಗಳೇ ಅಲ್ಲಿಯೂ ಇದ್ದವು. ಲುಬ್ಧಕ ನಕ್ಷತ್ರದತ್ತ ತಿರುಗಿಸಿದಾಗ ಗೆರೆಗಳ ವಿನ್ಯಾಸವೇ ಬೇರೆಯಾಗಿತ್ತು. ಸಂಜೆಯಾಕಾಶದಲ್ಲಿ ಎರಡೂ ಬಿಳಿಯ ಚುಕ್ಕೆಗಳೇ. ಒಂದು ಸೂರ್ಯನ ಬೆಳಕನ್ನು ಪ್ರತಿಫಲಿಸುತ್ತಿದೆ, ಇನ್ನೊಂದು ತನ್ನದೇ ಬೆಳಕನ್ನು ಸೂಸುತ್ತಿದೆ ಎಂಬುದಕ್ಕೆ ವರ್ಣಪಟಲ ಸಾಕ್ಷಿ.

ನಿಯಮ ಮೀರಿದಂತೆ ಕಾಣುವ ಅರಿಶಿನ

ಹೊಸ ಬಣ್ಣ ಹುಟ್ಟುವುದಿಲ್ಲ ಎಂದ ಮೇಲೆ ಹುಟ್ಟುವ ಪ್ರಸಂಗವನ್ನೂ ನೋಡಲೇಬೇಕು. ಆಲ್ಕೋಹಾಲ್ ಇರುವ ಸ್ಯಾನಿಟೈಸರಿನಲ್ಲಿ ಚಿಟಿಕೆ ಅರಿಶಿನ ಕದಡಿ, ಮಡ್ಡಿ ತಳಕ್ಕಿಳಿದ ಮೇಲೆ ತಿಳಿಯನ್ನು ಗಾಜಿನ ಸೀಸೆಗೆ ಬಸಿದುಕೊಳ್ಳಿ. ಹತ್ತಿರದಲ್ಲಿ ಬೆಂಕಿ ಇರಬಾರದು. ಕತ್ತಲಲ್ಲಿ ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚಿನ ಬೆಳಕನ್ನು ಅದರ ಮೇಲೆ ಬಿಟ್ಟರೆ ದ್ರಾವಣ ಹಸಿರುಮಿಶ್ರಿತ ಹಳದಿಯಾಗಿ ಬೆಳಗುತ್ತದೆ. ಟಾರ್ಚನ್ನು ಕಣ್ಣಿಗೆ ಹಿಡಿಯಬಾರದು, ಅದರ ಪ್ರತಿಬಿಂಬವನ್ನೂ ನೋಡಬಾರದು. ಟಾರ್ಚಿನಲ್ಲಿ ಆ ಹಸಿರುಹಳದಿ ಹೆಚ್ಚುಕಡಿಮೆ ಇರಲೇ ಇಲ್ಲ. ಇದು ಪ್ರತಿಫಲನವೂ ಅಲ್ಲ, ವಕ್ರೀಭವನವೂ ಅಲ್ಲ: ಅರಿಶಿನದ ಕರ್ಕ್ಯುಮಿನ್ ಅಣುಗಳು ಬೆಳಕನ್ನು ಹೀರಿ, ಅದರ ಶಕ್ತಿಯ ಒಂದು ಭಾಗವನ್ನು ಶಾಖವಾಗಿ ಕಳೆದು, ಉಳಿದದ್ದನ್ನು ತಮ್ಮದೇ ಬಣ್ಣದಲ್ಲಿ ಹೊಸದಾಗಿ ಸೂಸುತ್ತಿವೆ. ಆ ಕ್ಷಣಕ್ಕೆ ಅರಿಶಿನವೇ ಮೂಲ. ನಾವು ಮೂಲವೆಂದು ಕರೆದ ಟ್ಯೂಬ್‌ಲೈಟಿನ ಬಿಳಿಯೂ ಹೆಚ್ಚಿನಂಶ ಹೀಗೆಯೇ ಹುಟ್ಟಿದ್ದು. ಒಳಗಿನ ಪಾದರಸದ ಆವಿ ಸೂಸುವ ನೇರಳಾತೀತ ಬೆಳಕನ್ನು ಕೊಳವೆಯ ಒಳಲೇಪ ಹೀರಿ ಬಿಳಿಯಾಗಿ ಹೊರಸೂಸುತ್ತದೆ. ಎಲ್‌ಇಡಿಯ ಹಳದಿ ಹರವಿಗೂ ಒಳಗಿನ ನೀಲಿ ಬೆಳಕು ಸೂಸುವ ಚಿಪ್‌ನ ಮೇಲಿನ ಇಂಥದೇ ಲೇಪ ಕಾರಣ.

ಇದನ್ನು ರಾಮನ್ ಪರಿಣಾಮವೆಂದು ತಿಳಿಯಬಾರದು. 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಗುರುತಿಸಿದ್ದು, ದ್ರವವೊಂದರಲ್ಲಿ ಚದುರಿದ ಬೆಳಕಿನ ಅತ್ಯಲ್ಪ ಭಾಗದ ತರಂಗಾಂತರವು ಅಣುಗಳ ಕಂಪನದಿಂದಾಗಿ ಬದಲಾಗುವುದನ್ನು. ಅಲ್ಲಿ ಮೂಲದ ಬಣ್ಣವನ್ನು ಬದಲಿಸಿದರೆ ಹೊಸ ಗೆರೆಗಳೂ ಅದರ ಹಿಂದೆಯೇ ಸರಿಯುತ್ತವೆ. ಅರಿಶಿನದಲ್ಲಿ ಹಾಗಾಗುವುದಿಲ್ಲ: ನೇರಳಾತೀತದ ಬದಲು ನೀಲಿ ಎಲ್‌ಇಡಿಯ ಬೆಳಕು ಬಿಟ್ಟರೂ ಹೊಮ್ಮುವುದು ಅದೇ ಹಸಿರುಹಳದಿ. ಆಮೇಲೆ ಕಡಿಮೆ ಸಾಮರ್ಥ್ಯದ ಕೆಂಪು ಲೇಸರ್ ಪಾಯಿಂಟರನ್ನು, ಕಿರಣ ಯಾರ ಕಣ್ಣಿಗೂ ತಾಗದಂತೆ ಗೋಡೆಯ ಕಡೆಗೆ ಮುಖಮಾಡಿಸಿ, ದ್ರಾವಣದ ಮೂಲಕ ಹಾಯಿಸಿ. ಕೆಂಪು ಬೆಳಕಿನ ಶಕ್ತಿ ಕರ್ಕ್ಯುಮಿನ್‌ಗೆ ಸಾಲದು. ಸೀಸೆಯ ಬದಿಯಿಂದ ನೋಡಿದರೆ ಹಸಿರಿನ ಸುಳಿವೂ ಇಲ್ಲ. ದ್ರವದಲ್ಲಿ ಉಳಿದ ಸೂಕ್ಷ್ಮ ಕಣಗಳಿಂದ ಚದುರಿದ ತೆಳು ಗೆರೆಯೊಂದು ಮಾತ್ರ, ಲೇಸರಿನ ಅದೇ ಕೆಂಪಿನಲ್ಲಿ ಕಾಣುತ್ತದೆ.